ತಮ್ಮ ಮೇಜಿನ ಮೇಲಿರುವ ಉಕ್ಕಿನ ಪ್ಲೇಟಿನ ಕುರಿತು

ಬಂದರು ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನಾನು ಥೆಮೆಲಿನಾ. ಸಮುದ್ರದ ತಳಕ್ಕೆ ಮುಳುಗಿ ಸ್ಪಾಂಜು ಕೀಳುತ್ತಿದ್ದ ಸಕೆಲ್ಲಾರಿಸನ ವಿಧವೆ, ಅದೇ ಕಸುಬಿನ ನೊಮಿಕೊಸನ ತಾಯಿ, ಕಲೊತಿನಾಳ ಅತ್ತೆ, ನಮ್ಮ ಮರದ ದೋಣಿಯ ಯಜಮಾನಿ. ವಯಸ್ಸು ಎಪ್ಪತ್ತೊಂದು. ಹೈಸ್ಕೂಲು ಮುಗಿಸಿದ್ದೇನೆ, ಆದ್ದರಿಂದ ಈ ಪತ್ರವನ್ನು ಯಾರಿಂದಲೂ ಬರೆಸಿಲ್ಲ. ನಾನು ಬಂದರಿನ ಬೀದಿಯಲ್ಲಿ ನಡೆದು ಬಂದರೆ ಕಾಫಿ ಅಂಗಡಿಯ ಗಂಡಸರು ಚಾಚಿದ ಕಾಲನ್ನು ಒಳಗೆಳೆದುಕೊಳ್ಳುತ್ತಾರೆ. ತಮಗಿಂತ ಹಿಂದಿನ ನಾಲ್ವರು ಅಧಿಕಾರಿಗಳು ನನಗೆ ಕುರ್ಚಿ ಕೊಟ್ಟು ಮಾತಾಡಿಸಿದವರು. ತಾವು ಮಾತಾಡಿಸಲಿಲ್ಲ, ಒಂದು ವರದಿ ಕಳಿಸಿದಿರಿ. ನನ್ನ ಸೊಸೆ ತನ್ನ ಅಜಾಗರೂಕತೆಯಿಂದ ಮೂರು ಬೆರಳು ಕಳೆದುಕೊಂಡಳೆಂದೂ ಅವಳ ಡ್ರೋನ್ ಪರವಾನಗಿಯನ್ನು ಶಾಶ್ವತವಾಗಿ ರದ್ದು ಮಾಡಲಾಗಿದೆಯೆಂದೂ ಅದರಲ್ಲಿ ಬರೆದಿದೆ. ಆ ವರದಿ ಸುಳ್ಳು. ಅದು ಸುಳ್ಳೆಂದು ತಮಗೂ ಗೊತ್ತು, ಏಕೆಂದರೆ ತಮ್ಮ ಪರಿವೀಕ್ಷಕ ಆ ಹೊತ್ತಿನಲ್ಲಿ ನಮ್ಮ ದೋಣಿಯಲ್ಲೇ ಇದ್ದ. ಅವನ ಬಿಳಿ ಷೂಗಳ ಮೇಲೆ ನನ್ನ ಸೊಸೆಯ ರಕ್ತ ಬಿದ್ದಿತ್ತು.

ಸ್ಪಾಂಜು ಕೀಳುವವರಿಗೆ ಡ್ರೋನ್ ಯಾಕೆ ಎಂದು ತಮ್ಮ ಕಚೇರಿಯಲ್ಲಿ ನಗೆಯಾಡಿದ್ದನ್ನು ಕೇಳಿದ್ದೇನೆ. ಐದು ವರ್ಷದ ಹಿಂದೆ ನನ್ನ ಮೈದುನ ತುಂಬಿದ ಚೀಲದೊಂದಿಗೆ ಮೇಲೆ ಬರುತ್ತಿದ್ದಾಗ ಪ್ರವಾಸಿಗರ ವೇಗದ ದೋಣಿಯೊಂದು ಅವನ ಮೇಲೆ ಹಾದುಹೋಯಿತು. ಕೆಳಗೆ ಮನುಷ್ಯನಿದ್ದಾನೆ ಎಂದು ಹೇಳುವ ಬಾವುಟ ನಮ್ಮ ದೋಣಿಯಲ್ಲಿ ಹಾರುತ್ತಲೇ ಇತ್ತು. ಅವನ ಬೆನ್ನನ್ನು ತೊಳೆದು ಅಂಗಿ ತೊಡಿಸಿದವಳು ನಾನು. ತೊಳೆಯಲು ಏನು ಉಳಿದಿತ್ತೆಂದು ಕೇಳಬೇಡಿ. ಆ ಚಳಿಗಾಲದಲ್ಲಿ ಕಲೊತಿನಾ ಡ್ರೋನ್ ಹಾರಿಸಲು ಕಲಿತಳು, ಪಿರೇಯಸ್ ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದು ಪಾಸಾಗಿ ಬಂದಳು. ಅಂದಿನಿಂದ ಅವಳ ಗಂಡ ನೀರಿನೊಳಗಿದ್ದಷ್ಟು ಹೊತ್ತು ಆ ಯಂತ್ರ ಅವನ ನೆತ್ತಿಯ ಮೇಲೆ ನಿಂತು ನಾಲ್ಕೂ ದಿಕ್ಕು ನೋಡುತ್ತಿತ್ತು. ದೂರದಲ್ಲಿ ದೋಣಿ ಕಂಡರೆ ಇವಳು ಕೊಂಬು ಊದುತ್ತಿದ್ದಳು. ಐದು ಬೇಸಿಗೆ, ಒಂದು ಗೀರು ಗಾಯವಿಲ್ಲ. ಅಜಾಗರೂಕಳಂತೆ!

ಇನ್ನು ದಿಕ್ಸೂಚಿಯ ಮಾತು. ತಾವು ಓದಿದವರು, ಆದರೂ ಹೇಳಬೇಕಾಗಿ ಬಂದಿದೆ. ದಿಕ್ಸೂಚಿಯ ಹತ್ತಿರ ಕಬ್ಬಿಣ ಇರಬಾರದು. ನನ್ನ ಗಂಡನ ದೋಣಿಯಲ್ಲಿ ಚುಕ್ಕಾಣಿಯ ಹತ್ತಿರ ಬರುವವರು ಚಾಕುವನ್ನು ಹಿಂದಿನ ಬೆತ್ತದ ಬುಟ್ಟಿಯಲ್ಲಿ ಹಾಕಿ ಬರಬೇಕಿತ್ತು. ಮರೆತವರ ಕೆನ್ನೆಗೆ ಅವನು ಬಿಗಿಯುತ್ತಿದ್ದ. “ಕಬ್ಬಿಣ ಆಚೆ ಇಟ್ಟು ಬಾರೋ ಕತ್ತೆ! ಸೂಜಿಗೆ ಉತ್ತರ ತೋರಿಸೋದು ಬಿಟ್ಟು ನಿನ್ನ ಸೊಂಟ ನೋಡೋದೇ ಕೆಲಸ ಆಗಿದೆ” ಎಂದು ಅವನು ಕೂಗಿದ್ದು ಇಡೀ ಬಂದರಿಗೆ ಕೇಳುತ್ತಿತ್ತು. ಡ್ರೋನಿನ ಹೊಟ್ಟೆಯಲ್ಲಿರುವುದೂ ಅಂಥದೇ ದಿಕ್ಸೂಚಿ. ತಾನು ಯಾವ ಕಡೆ ಮುಖ ಮಾಡಿದ್ದೇನೆ ಎಂಬುದು ಅದಕ್ಕೆ ಅದರಿಂದಲೇ ತಿಳಿಯಬೇಕು. ನಮ್ಮ ದೋಣಿಯ ಮೂತಿಯಲ್ಲಿ ಲಂಗರಿದೆ, ಹಿಂದೆ ಇಂಜಿನ್ನಿದೆ, ನಡುವೆ ಕಬ್ಬಿಣವಿಲ್ಲದ ನಾಲ್ಕು ಹೆಜ್ಜೆ ಜಾಗವಿದೆ. ನಾನು ಅಲ್ಲಿ ನಿಂತು ಡ್ರೋನನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿಯುತ್ತಿದ್ದೆ. ಗಡಿಯಾರ, ಬೆಲ್ಟು, ಬೀಗದ ಕೈ ಎಲ್ಲ ಮೊದಲೇ ಬುಟ್ಟಿಗೆ. ಡ್ರೋನ್ ನಡೆಸುವ ಕೈಪೆಟ್ಟಿಗೆಯ ಪರದೆಯ ಮೇಲಿನ ಬಾಣ ದೋಣಿಯ ಮೂತಿ ಇರುವ ಕಡೆಗೇ ತೋರಿಸುತ್ತಿದೆಯೇ ಎಂದು ಕಲೊತಿನಾ ನೋಡುತ್ತಿದ್ದಳು, “ಬಿಡಿ ಅತ್ತೆ” ಅನ್ನುತ್ತಿದ್ದಳು, ಅದು ನನ್ನ ಕೈಯಿಂದ ಹಕ್ಕಿಯ ಹಾಗೆ ಏಳುತ್ತಿತ್ತು. ಇಳಿಯುವುದೂ ಕೈಗೇ. ಒಂದು ವಿಷಯದಲ್ಲಿ ಮಾತ್ರ ಅವಳು ನನ್ನ ಜೊತೆ ಜಗಳವಾಡುತ್ತಿದ್ದಳು.

“ಅತ್ತೆ, ಆ ತಲೆಪಿನ್ನೂ ಉಕ್ಕೇ. ತೆಗೀರಿ.”

“ಗಂಡ ಸತ್ತೋಳು ಸಮುದ್ರದ ನಡುವೆ ಕೂದಲು ಕೆದರಿಕೊಂಡು ನಿಲ್ಲಬೇಕೇನೇ? ಕೈಗೂ ತಲೆಗೂ ಎಷ್ಟು ದೂರ ಇದೆ ನೋಡು. ಸುಮ್ಮನಿರು.”

ಹೀಗಿರುವಾಗ ತಮ್ಮ ಸುತ್ತೋಲೆ ಬಂತು. ದೋಣಿಯಿಂದ ಹಾರುವ ಪ್ರತಿಯೊಂದು ಡ್ರೋನೂ ದೋಣಿಯ ನಡುಭಾಗಕ್ಕೆ ಬೋಲ್ಟು ಹಾಕಿ ಬಿಗಿದ, ಎಂಟು ಮಿಲಿಮೀಟರ್ ದಪ್ಪದ ಉಕ್ಕಿನ ‘ಉಡಾವಣಾ ವೇದಿಕೆ’ಯಿಂದಲೇ ಏಳಬೇಕು, ಕೈಯಿಂದ ಹಾರಿಸುವುದು ಅಪರಾಧ. ಯಾವ ಮಹಾನುಭಾವರು ಇದನ್ನು ಬರೆದರು? ಡ್ರೋನ್ ಜಾರಿ ನೀರಿಗೆ ಬೀಳಬಾರದೆಂಬ ಮಮತೆಯೇ? ಹಾಗಾದರೆ ಮರದ ಹಲಗೆ ಸಾಲುತ್ತಿರಲಿಲ್ಲವೇ? ಇಷ್ಟು ದೊಡ್ಡ ಕಚೇರಿಯಲ್ಲಿ, ಗೋಡೆಯ ಮೇಲೆ ಹಿತ್ತಾಳೆಯ ದಿಕ್ಸೂಚಿ ತೂಗುಹಾಕಿಕೊಂಡು ಕೂತಿರುವ ಕಚೇರಿಯಲ್ಲಿ, ಇದನ್ನು ಕೇಳುವ ಒಂದು ಬಾಯಿಯೂ ಇರಲಿಲ್ಲವೇ? ತಮ್ಮವರು ಬಂದು ಆ ಪ್ಲೇಟನ್ನು ನಮ್ಮ ನಾಲ್ಕು ಹೆಜ್ಜೆಯ ಜಾಗದಲ್ಲೇ ಬಿಗಿದು ಹೋದರು. ನಾವು ಅದರ ಮೇಲೆ ಬಲೆ ಹರಡಿ, ಉಕ್ಕಿನಿಂದ ಆದಷ್ಟೂ ಎತ್ತರಕ್ಕೆ ಎತ್ತಿ ಹಿಡಿದು ಕೈಯಿಂದಲೇ ಹಾರಿಸುತ್ತಿದ್ದೆವು. ಹೌದು, ಅಪರಾಧ ಮಾಡುತ್ತಿದ್ದೆವು. ಅಪರಾಧ ಮಾಡುತ್ತಿದ್ದಷ್ಟು ದಿನ ಎಲ್ಲರ ಬೆರಳೂ ಇದ್ದವು.

ಜೂನ್ ಹನ್ನೆರಡರ ಬೆಳಿಗ್ಗೆ ನೊಮಿಕೊಸ್ ಕೆಳಗಿದ್ದ. ಗಾಳಿ ಪಂಪಿನಿಂದ ಹೊರಟ ಅವನ ಉಸಿರಿನ ಕೊಳವೆ ದೋಣಿಯ ಅಂಚಿನ ಮೇಲಿಂದ ನೀರಿಗಿಳಿದಿತ್ತು. ಡ್ರೋನಿನ ಬ್ಯಾಟರಿ ಬದಲಿಸಲು ಕೆಳಗಿಳಿಸಿಕೊಂಡ ಹೊತ್ತಿಗೇ ತಮ್ಮ ಪರಿವೀಕ್ಷಕ ಕಾವಲು ದೋಣಿಯಿಂದ ನಮ್ಮ ದೋಣಿಗೆ ಹತ್ತಿದ. ಬಲೆಯನ್ನು ಕಾಲಿನಿಂದ ಸರಿಸಿ ಪ್ಲೇಟು ನೋಡಿದ.

“ಇದರ ಮೇಲಿಂದ ಹಾರಿಸಿ ತೋರಿಸಿ.”

“ಆಗಲ್ಲ ಸಾರ್,” ಅಂದಳು ಕಲೊತಿನಾ. “ಅದಕ್ಕೆ ದಿಕ್ಕು ತಪ್ಪುತ್ತೆ. ಕೆಳಗೆ ನನ್ನ ಗಂಡ ಇದ್ದಾನೆ, ಅವನು ಮೇಲೆ ಬರಲಿ, ಆಮೇಲೆ ನೀವು ಹೇಳಿದ್ದು ಮಾಡ್ತೀನಿ.”

“ಎಲ್ಲರೂ ಇದೇ ಕಥೆ ಹೇಳ್ತಾರೆ. ನಿಯಮ ಅಂದ್ರೆ ನಿಯಮ. ಏನಜ್ಜಿ, ನೀವಾದರೂ ಹೇಳಿ ನಿಮ್ಮ ಸೊಸೆಗೆ.”

ಈಗ ಬರೆಯುವುದನ್ನು ತಮ್ಮ ವರದಿಯಲ್ಲಿ ಯಾರೂ ಬರೆದಿಲ್ಲ. ನಾನು ಹೇಳಿದೆ. ನನ್ನ ಬಾಯಿಂದಲೇ ಹೇಳಿದೆ: “ಕಲೊತಿನಾ, ಪ್ಲೇಟಿನ ಮೇಲೆ ಇಡು. ಸರ್ಕಾರದವರ ಮುಂದೆ ಮನೆ ಮರ್ಯಾದೆ ಕಳೀಬೇಡ.” ಅವಳು ನನ್ನ ಮುಖ ನೋಡಿದಳು. ಆ ತಲೆಪಿನ್ನಿನ ಜಗಳ ಬಿಟ್ಟರೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಎದುರಾಡದವಳು. ಇಟ್ಟಳು.

ಪರದೆ ಕೆಂಪಾಯಿತು. ದಿಕ್ಸೂಚಿಗೆ ಅಡ್ಡಿಯಿದೆ, ಜಾಗ ಬದಲಿಸಿ ಎಂದು ಯಂತ್ರವೇ ಹೇಳಿತು. ತಮ್ಮ ಪರಿವೀಕ್ಷಕನಿಗಿಂತ ಅದಕ್ಕೇ ಹೆಚ್ಚು ಬುದ್ಧಿಯಿತ್ತು. ಅವನೆಂದ: “ಅದು ಬರ್ತಾನೇ ಇರುತ್ತೆ. ಅಲ್ಲೇ ಸುತ್ತು ತಿರುಗಿಸಿ ದಿಕ್ಕು ಹೊಂದಿಸಿ, ಮುಂದೆ ಹೋಗಿ.” ಪ್ಲೇಟಿನ ಮೇಲೆಯೇ ದಿಕ್ಕು ಹೊಂದಿಸುವುದೆಂದರೆ ಏನು ಗೊತ್ತೇ ಮಾನ್ಯರೇ? ಆಗ ತಾನೇ ಹುಟ್ಟಿದ ಮಗುವಿಗೆ ದಾರಿಹೋಕಳನ್ನು ತೋರಿಸಿ ಇವಳೇ ನಿನ್ನ ತಾಯಿ ಅಂದಂತೆ. ಯಂತ್ರ ನಂಬಿತು. ಕೆಂಪು ಹೋಗಿ ಹಸಿರು ಬಂತು. ಹಾರಿತು.

ಎರಡಾಳೆತ್ತರ ಏರಿ ನಿಲ್ಲಲು ನೋಡಿತು, ನಿಲ್ಲಲಾಗಲಿಲ್ಲ. ಎಡಕ್ಕೆ ಸರಿದರೆ ಬಲಕ್ಕೆಂದು ತಿಳಿಯಿತು, ಸರಿಪಡಿಸಿಕೊಳ್ಳಲು ಹೋದಷ್ಟೂ ತಪ್ಪಿತು. ಸುತ್ತತೊಡಗಿತು. ಮೊದಲು ಬುಟ್ಟಿಯಗಲ, ಆಮೇಲೆ ಬಂಡಿಯಗಲ, ಆಮೇಲೆ ದೋಣಿಯಗಲ. ಗಾಳಿಗೆ ತಡೆಯಲೆಂದು ಕೊಂಡ ದೊಡ್ಡ ಜಾತಿಯ ಯಂತ್ರ ಅದು, ಆರು ಗಟ್ಟಿ ರೆಕ್ಕೆಗಳು, ಪ್ರತಿಯೊಂದೂ ಮಾಂಸದಂಗಡಿಯ ಕತ್ತಿಯಂಥದು. ತಮ್ಮ ಪರಿವೀಕ್ಷಕ ಇಂಜಿನ್ನಿನ ಹಿಂದೆ ಕುಕ್ಕರಿಸಿದ. ಮೂರನೆಯ ಸುತ್ತಿನಲ್ಲಿ ಅದು ಓರೆಯಾಗಿ ಇಳಿದು ದೋಣಿಯಂಚಿಗೆ, ಉಸಿರಿನ ಕೊಳವೆಯ ಕಡೆಗೆ ನುಗ್ಗಿತು. ಕಲೊತಿನಾ ಕೈಪೆಟ್ಟಿಗೆ ಬಿಸಾಡಿ ಹಾರಿದಳು. ಎಡಗೈಯಲ್ಲಿ ಅದನ್ನು ಹಿಡಿದಳು. ಯಂತ್ರದ ಕಾಲು ಸಿಗಲಿಲ್ಲ, ರೆಕ್ಕೆ ಸಿಕ್ಕಿತು. ಕಡಿದ ಸದ್ದು ನಾನು ಕೇಳಿದೆ. ಒಣ ಕಡ್ಡಿ ಮುರಿದ ಸದ್ದು, ಮೂರು ಸಲ. ಅವಳು ಬಿಡಲಿಲ್ಲ. ಎದೆಗೆ ಅವುಚಿಕೊಂಡು, ರೆಕ್ಕೆಗಳು ಅಂಗಿಯನ್ನೂ ತೋಳನ್ನೂ ಸೀಳುತ್ತಿದ್ದರೂ ಕಿರುಚುತ್ತಾ ಅದನ್ನು ಪ್ಲೇಟಿಗೆ ಅಪ್ಪಳಿಸಿದಳು. ಒಂದು ಸಲ, ಎರಡು ಸಲ, ಅದು ಸಾಯುವವರೆಗೆ. ಕೊಳವೆಗೆ ಒಂದು ಗೆರೆಯೂ ಬೀಳಲಿಲ್ಲ. ನನ್ನ ಮಗ ಕೆಳಗೆ ಉಸಿರಾಡುತ್ತಲೇ ಇದ್ದ.

“ಅತ್ತೆ, ಕೊಳವೆ ನೋಡಿ,” ಅಂದಳು. ಬೆರಳು ನೋಡಿ ಅನ್ನಲಿಲ್ಲ.

‘ತಿರುಗುತ್ತಿರುವ ರೆಕ್ಕೆಗೆ ಚಾಲಕಿಯು ಅಜಾಗರೂಕತೆಯಿಂದ ಕೈ ಒಡ್ಡಿದ್ದು’ ಎಂದು ಬರೆದಿದ್ದೀರಿ. ಒಡ್ಡಿದಳು ಸ್ವಾಮಿ, ಒಡ್ಡಿದಳು. ತಮ್ಮ ಮನೆಯವರ ಉಸಿರಿನ ಕಡೆಗೆ ಆರು ಕತ್ತಿ ಬೀಸಿಕೊಂಡು ಬಂದರೆ ತಾವು ಏನು ಒಡ್ಡುತ್ತಿದ್ದಿರಿ? ಸುತ್ತೋಲೆಯನ್ನೇ? ಪ್ಲೇಟು ಎಂಬ ಪದ ಇಡೀ ವರದಿಯಲ್ಲಿ ಒಂದು ಸಲವೂ ಇಲ್ಲ. ಕೆಂಪಾದ ಪರದೆ ಇಲ್ಲ. ‘ಮುಂದೆ ಹೋಗಿ’ ಎಂದವನು ಇಲ್ಲ. ನಾನೂ ಇಲ್ಲ. ನಮ್ಮೆಲ್ಲರ ತಪ್ಪನ್ನೂ ತಪ್ಪೇ ಮಾಡದವಳೊಬ್ಬಳ ಹೆಸರಿನಲ್ಲಿ ಬರೆದು ಮೊಹರು ಒತ್ತಿದ್ದೀರಿ. ಅವಳ ಪರವಾನಗಿ ಹೋದರೆ ನಾಳೆ ನನ್ನ ಮಗ ಕುರುಡು ನೀರಿನಲ್ಲಿ ಇಳಿಯಬೇಕು. ಇನ್ನೊಂದು ಬೆನ್ನು ತೊಳೆಯುವ ಶಕ್ತಿ ನನಗಿಲ್ಲ.

ಆ ವರದಿಯನ್ನು ಕೊಡಲು ತಮ್ಮ ಪರಿವೀಕ್ಷಕನೇ ದೋಣಿಗಳು ನಿಲ್ಲುವ ಧಕ್ಕೆಗೆ ಬಂದಿದ್ದ, ಹೊಸ ಷೂ ಹಾಕಿಕೊಂಡು. ನೊಮಿಕೊಸ್ ಎರಡು ಸಾಲು ಓದಿದ. ಸ್ಪಾಂಜು ಕೊಯ್ಯುವ ಚಾಕು ತೆಗೆದು, ಅವನ ಕೊರಳಪಟ್ಟಿ ಹಿಡಿದು, ಎಳೆದು ತಂದು ದೋಣಿ ಕಟ್ಟುವ ಕಂಬಕ್ಕೆ ಅವನ ಕೈ ಒತ್ತಿದ.

“ಬಿಡಮ್ಮ, ಮೂರೇ ಬೆರಳು. ಜಾಸ್ತಿ ಕೇಳಲ್ಲ.”

ನಾನು ಮಗನ ಕೆನ್ನೆಗೆ ಹೊಡೆದೆ. ನಲವತ್ತಾರು ವರ್ಷದವನಿಗೆ, ಎಲ್ಲರೆದುರು. “ಚಾಕು ಕೆಳಗಿಡೋ. ಇವನ ಬೆರಳು ತಗೊಂಡು ಏನು ಮಾಡ್ತೀಯ? ಬಂದರಿನ ಬೆಕ್ಕೂ ಮೂಸಲ್ಲ.” ತಮ್ಮ ಪರಿವೀಕ್ಷಕನ ಹತ್ತು ಬೆರಳು ಇಂದಿಗೂ ಅವನ ಬಳಿ ಇರುವುದು ನನ್ನ ದಯೆ. ವರದಿ ಬರೆಯಲು ಬೇಕಾಗುತ್ತವೆ ಎಂದು ಬಿಟ್ಟಿದ್ದೇನೆ.

ಆ ವರದಿಯನ್ನು ಹರಿದು ಹೊಸದು ಬರೆಯಿರಿ. ಅದರಲ್ಲಿ ಮೊದಲು ಪ್ಲೇಟಿನ ಹೆಸರು, ಆಮೇಲೆ ಅದನ್ನು ಹಾಕಿಸಿದ ತಮ್ಮ ಹೆಸರು, ಆಮೇಲೆ ತಮ್ಮ ಪರಿವೀಕ್ಷಕನದು, ಕೊನೆಗೆ ನನ್ನದು ಇರಬೇಕು. ಕಲೊತಿನಾಳ ಹೆಸರು ಎಲ್ಲೂ ಇರಕೂಡದು, ಅವಳ ಪರವಾನಗಿಯ ಮೇಲೆ ಬಿಟ್ಟು. ಇದು ವಿನಂತಿಯಲ್ಲ.

ತಾವು ಬರೆಯುವವರೆಗೆ ನಾನು ಕಾಯುವವಳಲ್ಲವಾದ್ದರಿಂದ, ನಿನ್ನೆ ಮಾವನ ಕೊಡಲಿ ತೆಗೆದು ದೋಣಿಯ ಹಲಗೆಯನ್ನೇ ಕಡಿದು ಪ್ಲೇಟು ಕಿತ್ತೆ. ನನ್ನ ಮಾವ ಕೈಯಾರೆ ಕೆತ್ತಿದ ಹಲಗೆ ಅದು. ಒಂದೊಂದು ಏಟೂ ನನಗೇ ಬಿದ್ದಂತಿತ್ತು, ಬೀಳಬೇಕಾದದ್ದೂ ಅಲ್ಲಿಗೇ. ಮಧ್ಯಾಹ್ನ ತಾವು ಊಟಕ್ಕೆ ಹೋದಾಗ ಅದನ್ನು ತಳ್ಳುಗಾಡಿಯಲ್ಲಿ ತಮ್ಮ ಕಚೇರಿಗೆ ತಂದೆವು. ಅಡ್ಡ ಬಂದ ಗುಮಾಸ್ತ ನನ್ನ ಕೈಯಲ್ಲಿದ್ದ ಕೊಡಲಿ ನೋಡಿ ಬಾಗಿಲು ಹಿಡಿದುಕೊಂಡು ನಿಂತ. ಒಳ್ಳೆಯ ಮನುಷ್ಯ, ಅವನನ್ನು ಬೈಯಬೇಡಿ. ತಮ್ಮ ಮೇಜಿನ ಗಾಜು ಒಡೆದೆ. ಅಂದು ನಾನು ಚಾಕು ಬಿಡಿಸಿದ ಮಗನ ಕೈಗೆ ಡ್ರಿಲ್ಲು ಕೊಟ್ಟೆ. ಈಗ ಪ್ಲೇಟು ತಮ್ಮ ಮೇಜಿಗೆ ನಾಲ್ಕು ಬೋಲ್ಟುಗಳಿಂದ ಬಿಗಿದಿದೆ, ಸುತ್ತೋಲೆ ಹೇಳಿದ ಹಾಗೆ. ರಕ್ತದ ಕಲೆ ಒರೆಸಿಲ್ಲ. ಅದರ ಮೇಲೆ ನನ್ನ ಗಂಡನ ದಿಕ್ಸೂಚಿ ಇಟ್ಟು ಬಂದಿದ್ದೇನೆ. ಉತ್ತರಕ್ಕಿರುವುದು ತಮ್ಮ ಕಿಟಕಿ. ಸೂಜಿ ತೋರಿಸುತ್ತಿರುವುದು ತಮ್ಮ ಕುರ್ಚಿಯನ್ನು.

ಮತ್ತು ಇಂದು ಬೆಳಿಗ್ಗೆ ಬಂದರಿನ ಬಾಯಲ್ಲಿ, ತಮ್ಮ ಕಿಟಕಿಗೆ ಕಾಣುವಂತೆ, ನೊಮಿಕೊಸ್ ನೀರಿಗಿಳಿದ. ಅದೇ ಹಳೆಯ ಡ್ರೋನ್ ರಿಪೇರಿಯಾಗಿ, ದಿಕ್ಕನ್ನು ಹೊಸದಾಗಿ ಹೊಂದಿಸಿಕೊಂಡು ಬಂದಿದೆ. ಕೈಪೆಟ್ಟಿಗೆಯ ಕೋಲುಗಳನ್ನು ಆಡಿಸಲು ಹೆಬ್ಬೆರಳು ಸಾಕು, ಅವೆರಡೂ ಕಲೊತಿನಾಳಿಗೆ ಉಳಿದಿವೆ. ಪರವಾನಗಿ ಇಲ್ಲದೆ, ವೇದಿಕೆ ಇಲ್ಲದೆ, ಎತ್ತಿ ಹಿಡಿದವಳು ನಾನು. ಹಿಡಿಯುವ ಮುನ್ನ, ಅವಳು ಕೇಳದೆಯೇ, ತಲೆಯ ಹನ್ನೊಂದು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದೆ. ಕಾಫಿ ಅಂಗಡಿಯ ಗಂಡಸರೆಲ್ಲ ಎದ್ದು ನಿಂತು ನೋಡಿದರು. ನನ್ನ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. “ಬಿಡಿ ಅತ್ತೆ” ಅಂದಳು. ಬಿಟ್ಟೆ. ಅದು ನೆಟ್ಟಗೆ ಏರಿ, ನನ್ನ ಮಗನ ನೆತ್ತಿಯ ಮೇಲೆ ಅಲುಗದೆ ನಿಂತಿತು.

ಇಂತಿ,
ಕಣ್ಣಿಗೆ ಕಂಡದ್ದನ್ನು ಬಿಟ್ಟು ತಮ್ಮ ಕಾಗದವನ್ನು ಒಂದೇ ಒಂದು ಸಲ ನಂಬಿದ,
ಥೆಮೆಲಿನಾ