ಹದಿಮೂರು ಜನರ ಡ್ಯೂಟಿ ಚಾರ್ಟು

ತಾರ್ನಾಕ, ಹೈದರಾಬಾದ್
ಗುರುವಾರ, ೧೪ ಮೇ ೨೦೨೬

ಪ್ರೀತಿಯ ನಿಶಾಂತನಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಎಡಮೊಣಕಾಲನ್ನು ಬಿಟ್ಟು ಉಳಿದ ನಿನ್ನ ಯೋಗಕ್ಷೇಮ ಕೇಳುತ್ತಿದ್ದೇನೆ. ಮೊಣಕಾಲು ನಿಮ್ಮ ಅಮ್ಮನ ಇಲಾಖೆ. ಆಪರೇಷನ್ ಆದ ಈ ಏಳು ತಿಂಗಳೂ ಆಕೆ ದೇವರಿಗೆ ದೀಪ ಹಚ್ಚಿ, ನಿನ್ನ ಹೆಸರು ನಕ್ಷತ್ರ ಎಲ್ಲ ಹೇಳಿ, ಕೊನೆಗೆ "ಎಡಗಡೀದು" ಎಂದು ಸೇರಿಸುತ್ತಿದ್ದಾಳೆ. ದೇವರು ಗಡಿಬಿಡಿಯಲ್ಲಿ ಬಲಗಾಲಿಗೆ ಕೃಪೆ ಮಾಡಿಬಿಟ್ಟಾನೆಂಬ ಭಯ. ಪುಣೆಯ ಆ ವ್ಯಾಯಾಮ ಕೇಂದ್ರದಲ್ಲಿ ಊಟ ಸೇರುತ್ತಿದೆಯೇ? ಬೇಯಿಸಿದ ಕೋಳಿ, ಬೇಯಿಸಿದ ಸೊಪ್ಪು, ಬೇಯಿಸಿದ ಮತ್ತೊಂದು ಎಂದು ನೀನು ಹೇಳಿದಾಗಿನಿಂದ ಈ ಮನೆಯಲ್ಲಿ ಕೋಳಿಯ ಮಾತನ್ನು ಯಾರೂ ಎತ್ತುವುದಿಲ್ಲ. ಅಮ್ಮನ ಕಿವಿಗೆ ಸೊಪ್ಪು ಮಾತ್ರ ಬಿದ್ದಿದೆ, ಹಾಗೆಯೇ ಇರಲಿ. ನನ್ನ ಬಿ.ಪಿ. ವಿಧೇಯವಾಗಿದೆ. ಅಮ್ಮನಿಗೂ ಮೊಣಕಾಲು ನೋವಿದೆ, ಆದರೆ ಅದು ಪಂದ್ಯ ಆಡದ ಮೊಣಕಾಲಾದ್ದರಿಂದ ಯಾರೂ ವಿಚಾರಿಸುವುದಿಲ್ಲವಂತೆ. ನಾಳೆ ಮಧ್ಯಾಹ್ನದ ಗಾಡಿಗೆ ಆಕೆ ಅಲ್ಲಿಗೆ ಹೊರಡುತ್ತಾಳೆ, ಈ ಪತ್ರ ಆಕೆಯ ಚೀಲದಲ್ಲಿ ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ ಬರುತ್ತದೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮೂರನೇ ವಾಕ್ಯಕ್ಕೆ "ಅಪ್ಪಾ, ಆಮ್ಯಾಲೆ ಮಾಡ್ತೀನಿ" ಅನ್ನುತ್ತೀ. ಪತ್ರ ಓದುವವನಿಗೆ ಆ ಸೌಲಭ್ಯವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ: ಹೊಸ ಸೀಸನ್ನಿಗೆ ಮುಂಚೆ ನಿಮ್ಮ ಗೋಲ್ಕೊಂಡ ಬುಲ್ಸ್ ರಗ್ಬಿ ತಂಡದ ಒಳಬಲದ ಪರಿಶೀಲನೆ. ಪರಿಶೀಲನಾಧಿಕಾರಿ: ನಿನ್ನ ತಂದೆ, ಅಂದರೆ ಈ ಆಟವನ್ನು ಐದು ವರ್ಷ ಟಿವಿಯ ಮೂಲೆಯ ಅಂಕಿಗಳನ್ನಷ್ಟೇ ನೋಡಿ ಮುಗಿಸಿದ ಮನುಷ್ಯ. ನಗಬೇಡ, ನೇಮಕಾತಿ ಕ್ರಮಬದ್ಧವಾಗಿಯೇ ಆಗಿದೆ. ನಿಮ್ಮ ಮ್ಯಾನೇಜರ್ ಚಂದ್ರಕಾಂತ ಒಂದು ಕಾಲಕ್ಕೆ ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಸೇರಿ ಕಾಚಿಗೂಡದಲ್ಲಿ ನನ್ನ ಕೈಕೆಳಗೆ ಇದ್ದವನಲ್ಲವೇ? ಹನ್ನೊಂದು ದಿನದ ಹಿಂದೆ ಮನೆಗೆ ಬಂದ, ಚಹಾ ಕುಡಿದ, ಒಂದು ಹಾಳೆ ಹರವಿದ. "ಸರ್, ಹದಿಮೂರು ಮಂದಿ, ಹದಿನೈದು ದಿನದಾಗ ಹತ್ತು ಮ್ಯಾಚ್ ಅವ, ಒಮ್ಮೊಮ್ಮೆ ಒಂದ ದಿನಕ್ಕ ಎರಡು. ಏಳು ಮಂದಿ ಒಳಗ, ಉಳದಾವ್ರು ಹೊರಗ. ಯಾರನ್ನ ಯಾವಾಗ ಇಳಸಬೇಕು, ಯಾರನ್ನ ಕೂಡಸಬೇಕು, ತಲಿ ಕೆಟ್ಟು ಕೆರ ಹಿಡದದ್ರಿ. ನೀವು ಮೂವತ್ತೆರಡು ವರ್ಷ ಗಾಡಿಗೆ ಡ್ರೈವರ್ ಹಚ್ಚೀರಿ. ಒಂದು ಚಾರ್ಟ್ ಹಾಕಿ ಕೊಡ್ರಿ" ಅಂದ. ನಿವೃತ್ತನಾದ ಮೇಲೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಒಪ್ಪದೆ ಇರುತ್ತೇನೆಯೇ?

ನಿನಗೆ ನನ್ನ ಕೆಲಸವೇನಿತ್ತೆಂದು ಗೊತ್ತು, ಆದರೂ ಹೇಳುತ್ತೇನೆ, ಹೇಳುವ ಅವಕಾಶ ಅಪರೂಪ. ಪ್ರತಿ ಗಾಡಿಗೆ ಒಬ್ಬ ಡ್ರೈವರ್. ಆ ಡ್ರೈವರ್ ಬರದಿದ್ದರೆ ಇನ್ನೊಬ್ಬ. ಅವನೂ ಬರದಿದ್ದರೆ ಮತ್ತೊಬ್ಬ. ಯಾರು ಎಷ್ಟು ಹೊತ್ತು ನಿದ್ದೆ ಮಾಡಿದ್ದಾನೆ, ಯಾರಿಗೆ ಯಾವ ದಾರಿ ಗೊತ್ತು, ಯಾರ ಮಾವ ಒಂದೇ ವರ್ಷದಲ್ಲಿ ಎರಡು ಸಲ ತೀರಿಕೊಂಡಿದ್ದಾನೆ, ಎಲ್ಲ ಲೆಕ್ಕ ತಲೆಯಲ್ಲಿರಬೇಕು. ಈ ಜ್ಞಾನವನ್ನೆಲ್ಲ ಸುರಿದು ನಾನು ಎರಡು ದಿನದಲ್ಲಿ ಒಂದು ಚಾರ್ಟು ತಯಾರಿಸಿದೆ. ಹಿರಿತನದ ಪ್ರಕಾರ ಕ್ಯಾಪ್ಟನ್ ಮಲ್ಲಣ್ಣನಿಗೆ ಹತ್ತಕ್ಕೆ ಹತ್ತು ಪಂದ್ಯ ಕೊಟ್ಟೆ. ಫಿಜಿ ದೇಶದಿಂದ ಕರೆಸಿದ ಜೋನೆ ಎಂಬ ಮಿಂಚಿನಂಥ ಓಟಗಾರನಿಗೆ ಮೊದಲ ಮೂರು ಪಂದ್ಯ ಹೊರಗೆ ಕೂತು ನೋಡಬೇಕೆಂದು ಬರೆದೆ. ಹೊಸ ದಾರಿಗೆ ಬಂದ ಡ್ರೈವರ್ ಮೂರು ಸಲ ಇನ್ನೊಬ್ಬನ ಪಕ್ಕ ಕೂತು ದಾರಿ ಕಲಿಯದೆ ಗಾಡಿ ಮುಟ್ಟುವಂತಿಲ್ಲ, ಅದು ನಮ್ಮ ಕಾನೂನು. ಚಾರ್ಟು ಕಂಡ ಕೋಚ್ ಸಾಹೇಬರು ನಕ್ಕೂ ನಕ್ಕೂ ಟೋಪಿಯಿಂದ ಕಣ್ಣೊರೆಸಿಕೊಂಡರು. ಜೋನೆ ಮಾತ್ರ ಗಂಭೀರವಾಗಿ ಬಂದು, ದಾರಿ ತಪ್ಪುವುದಿಲ್ಲ, ನೂರು ಮೀಟರ್ ನೇರ ಇದೆ ಎಂದು ಕೈಮುಗಿದು ವಿನಂತಿಸಿದ. "ಸರ್, ಮೈದಾನಕ್ಕೆ ಒಮ್ಮೆ ಬಂದು ಕಣ್ಣಿಲೆ ನೋಡ್ರಿ, ಆಮ್ಯಾಲೆ ಬರೀರಿ" ಎಂದ ಚಂದ್ರಕಾಂತ.

ಹೋದೆ. ಇಲ್ಲಿಂದ ಮುಂದೆ ತಮಾಷೆ ಸ್ವಲ್ಪ ಕಡಿಮೆಯಾದರೆ ಸಹಿಸಿಕೋ.

ಯೂನಿವರ್ಸಿಟಿ ಹಿಂದಿನ ಆ ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಅಂಥ ಗಾತ್ರಗಳನ್ನು ನಾನು ಅದಕ್ಕೆ ಮೊದಲು ವರ್ಕ್‌ಶಾಪಿನಲ್ಲಿ ಮಾತ್ರ ನೋಡಿದ್ದೆ, ಅವಕ್ಕೆ ಚಕ್ರ ಇರುತ್ತಿದ್ದವು. ಮೂವರು ಹೆಗಲಿಗೆ ಹೆಗಲು ಕೊಟ್ಟು ಬಗ್ಗಿ ಎದುರಿನ ಮೂವರಿಗೆ ಢಿಕ್ಕಿ ಹೊಡೆದಾಗ ನನ್ನ ಚಪ್ಪಲಿಯೊಳಗೆ ನೆಲ ಅಲುಗಿತು. ಗೆರೆಯ ಹತ್ತಿರ ಇಬ್ಬರು ಒಬ್ಬನ ಚಡ್ಡಿ ಹಿಡಿದು, ಬಾಗಿಲಿಗೆ ತೋರಣ ಕಟ್ಟಿಸುವವರಂತೆ ಮೇಲಕ್ಕೆತ್ತಿದರು. ಅವನು ಆಕಾಶದಲ್ಲಿ ನಿಂತು ಚೆಂಡು ಹಿಡಿದ. ಆ ಚೆಂಡನ್ನು ಹೊರಗಿನಿಂದ ಎಸೆಯುವವನು ಹುಕರ್, ನೀನು ಮಾಡುವ ಕೆಲಸ ಅದೇ ಎಂದು ನನಗೆ ಗೊತ್ತಾದದ್ದು ಅವತ್ತು. ಮಗ ಏನು ಆಡುತ್ತಾನೆಂದು ಯಾರಾದರೂ ಕೇಳಿದರೆ ಐದು ವರ್ಷ "ಮಂದೀನ್ನ ಕೆಡವತಾನ" ಎಂದು ಹೇಳಿಕೊಂಡು ಬಂದಿದ್ದೇನೆ. ಕ್ಷಮಿಸು.

ಎಲ್ಲಕ್ಕಿಂತ ನನ್ನನ್ನು ಕೂಡಿಸಿಬಿಟ್ಟದ್ದು ಇನ್ನೊಂದು. ಮುಂದಕ್ಕೆ ಓಡಬೇಕು, ಚೆಂಡು ಮಾತ್ರ ಹಿಂದಕ್ಕೇ ಕೊಡಬೇಕು. ಇಂಥ ನಿಯಮ ಯಾವ ಸರಕಾರಿ ಕಚೇರಿಯಲ್ಲಿ ಹುಟ್ಟಿತೋ ಎಂದುಕೊಂಡೆ. ಆದರೆ ಜೋನೆ ಓಡುತ್ತ ಓಡುತ್ತ ಇನ್ನೇನು ಮೂವರ ಕೈಗೆ ಸಿಕ್ಕಿಬಿದ್ದ ಎನ್ನುವಾಗ ಹಿಂದೆ ತಿರುಗಿಯೂ ನೋಡದೆ ಚೆಂಡು ಬಿಟ್ಟ. ಅಲ್ಲಿ ಒಬ್ಬನಿದ್ದ. ಅವನೂ ಸಿಕ್ಕಿಬಿದ್ದ, ಅವನೂ ನೋಡದೆ ಬಿಟ್ಟ. ಅಲ್ಲೂ ಒಬ್ಬನಿದ್ದ. ಮೂವತ್ತೆರಡು ವರ್ಷ ನಾನು ಪ್ರತಿಯೊಬ್ಬನ ಹಿಂದೆ ಒಬ್ಬನನ್ನು ಕಾಗದದ ಮೇಲೆ ನಿಲ್ಲಿಸಿದೆ. ಅದು ಉಸಿರಾಡುತ್ತ, ಬೆವರುತ್ತ, ಕಣ್ಣಮುಂದೆ ಓಡಿಹೋದದ್ದನ್ನು ನೋಡಿದ್ದು ಅರವತ್ಮೂರನೇ ವಯಸ್ಸಿನಲ್ಲಿ. ಕಟ್ಟೆಯ ಮೇಲೆ ಕೂತೆ. ಚಂದ್ರಕಾಂತ ಗಾಬರಿಯಾಗಿ ನೀರು ತಂದ. ಬಿಸಿಲಿಗೆ ತಲೆ ತಿರುಗಿತು ಎಂದು ಸುಳ್ಳು ಹೇಳಿದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ವರದಿ ಇಷ್ಟು: ತಂಡದ ಆಳ ಅದ್ಭುತವಾಗಿದೆ. ಓಡುವವರ ಸಾಲಿನಲ್ಲಿ ಯಾರು ಬಿದ್ದರೂ ಅವನ ಕೆಲಸ ಬಲ್ಲವರು ಇನ್ನಿಬ್ಬರು. ತಳ್ಳುವವರಲ್ಲಿ ಮಲ್ಲಣ್ಣನಿಗೆ ಮೂವತ್ನಾಲ್ಕಾಗಿದೆ, ಎರಡನೇ ಅರ್ಧಕ್ಕೆ ಉಬ್ಬಸ ಬರುತ್ತದೆ, ಆದರೆ ಅವನ ಜಾಗಕ್ಕೆ ಬರುವವನು ಇನ್ನೂ ದಪ್ಪ. ಈಗ ನನ್ನ ಚಾರ್ಟಿನಲ್ಲಿ ಕ್ಯಾಪ್ಟನ್ ಪ್ರತಿ ಪಂದ್ಯದಲ್ಲೂ ಅರ್ಧಕ್ಕೆ ಹೊರಗೆ ಬರುತ್ತಾನೆ. ಇದನ್ನು ಹೇಳಿದಾಗ ಅವನು "ಅಂಕುಲ್, ನನ್ನ ರಿಟೈರ್ ಮಾಡಿಬಿಟ್ರಾ?" ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿ, ಮಾರನೇ ದಿನದಿಂದ ತನ್ನ ಬದಲಿಯವನಿಗೆ ತಾನೇ ಪಾಠ ಹೇಳತೊಡಗಿದ. ತನ್ನ ಕುರ್ಚಿಗೆ ಬರುವವನಿಗೆ ಕೆಲಸ ಕಲಿಸಿಕೊಟ್ಟ ಹೆಡ್ ಕ್ಲರ್ಕನನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ.

ಹನ್ನೆರಡು ಹೆಸರು ಗಟ್ಟಿ. ಉಳಿದದ್ದು ಹದಿಮೂರನೆಯದು, ಹುಕರ್. ನೀನು, ಇಲ್ಲವೇ ಹುಲಗೇಶ.

ಪಟ್ಟಿ ನಾಳೆ ಹತ್ತು ಗಂಟೆಯೊಳಗೆ ಲೀಗಿನವರಿಗೆ ಹೋಗಬೇಕು. ನೀನು ಚಂದ್ರಕಾಂತನಿಗೆ ನೂರಕ್ಕೆ ನೂರು ಫಿಟ್ ಎಂದು ಹೇಳಿದ್ದೀ. ಅವನು ನಿನ್ನ ಹೆಸರನ್ನೇ ಹಿಡಿದು ಕೂತಿದ್ದಾನೆ. "ಮೊದಲನೇ ಮ್ಯಾಚಿಗೆ ನಾ ಇರಲಿಲ್ಲಂದ್ರ ಮುಗೀತು, ಇಪ್ಪತ್ತೆಂಟಾತು, ಮತ್ತ ಯಾರೂ ಕರಿಯೂದಿಲ್ಲ" ಎಂದು ಅಮ್ಮನ ಮುಂದೆ ಹೇಳಿದೆಯಂತೆ. ಆಕೆ ಅದನ್ನು ನನಗೆ ಹೇಳಿ ಅಡುಗೆಮನೆಗೆ ಹೋದಳು, ಅವತ್ತು ಸಾರಿಗೆ ಉಪ್ಪಿರಲಿಲ್ಲ.

ಹುಲಗೇಶನನ್ನು ನೀನು ನೋಡಿಲ್ಲ, ನೀನು ಹೋದ ಮೇಲೆ ಬಂದವನು. ಲಿಂಗಸೂಗೂರು ಕಡೆಯವನು, ಇಪ್ಪತ್ತೆರಡು ವರ್ಷ. ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದಾರೆ, ಪಟ್ಟಿಗೆಂದು ಅಲ್ಲ. ಎಲ್ಲರೂ ಹೋದ ಮೇಲೆ ನೀರಿನ ಟಾಕಿಯ ಗೋಡೆಗೆ ಸುಣ್ಣದಿಂದ ಒಂದು ಗುರುತು ಹಾಕಿಕೊಂಡು ಚೆಂಡು ಎಸೆಯುತ್ತಾನೆ, ಇನ್ನೂರು ಸಲ. ಒಂದು ತಪ್ಪಿದರೆ ಮತ್ತೆ ಒಂದರಿಂದ. ಮಂಗಳವಾರ ನೂರಾ ತೊಂಬತ್ತೊಂದಕ್ಕೆ ತಪ್ಪಿತು. ನಾನು "ಸಾಕು ಬಿಡೋ, ಯಾರು ನೋಡ್ಯಾರು" ಅಂದೆ. "ನೀವು ನೋಡೀರಲ್ರಿ ಸರ" ಎಂದು ಒಂದರಿಂದ ಶುರು ಮಾಡಿದ. ಪಟ್ಟಿಯ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದ್ದಕ್ಕೆ, "ನಿಶಾಂತಣ್ಣಾರ ಜಾಗಾ ಅದು. ನಾ ಟವೆಲ್ ಹಾಕಿ ಸೀಟ್ ಹಿಡ್ದಂಗ ಹಿಡಕೊಂಡೀನ್ರಿ, ಅವ್ರು ಬಂದ್ರ ಎದ್ದ ನಿಂದರತೀನಿ" ಎಂದ. ಸೀಟು ಹಿಡಿದು ಎದ್ದು ಕೊಟ್ಟವರನ್ನು ನೀನು ಕಂಡಿದ್ದೀಯಾ? ರೈಲ್ವೆಯಲ್ಲಿದ್ದ ನಾನೇ ಕಂಡಿಲ್ಲ.

ಅವನ ತಾಯಿ ಹಂಪಮ್ಮ ಮೆಹದಿಪಟ್ಟಣಂ ಹತ್ತಿರ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಭಾನುವಾರ ಎರಡು ಬಸ್ಸು ಬದಲಿಸಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಮೊದಲ ಸಲ ಮಗನ ಆಟ ನೋಡಲು. ನನ್ನನ್ನು ದೊಡ್ಡ ಅಧಿಕಾರಿ ಎಂದುಕೊಂಡು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಎಷ್ಟು ಹೇಳಿದರೂ ಕಟ್ಟೆಗೆ ಬರಲಿಲ್ಲ, ಕೊನೆಗೆ ನಾನೇ ಕೆಳಗಿಳಿದೆ. ಅಷ್ಟರಲ್ಲಿ ಮಲ್ಲಣ್ಣ ಅವಳ ಮಗನನ್ನು ಅನಾಮತ್ತಾಗಿ ಎತ್ತಿ ನೆಲಕ್ಕೆ ಹಾಕಿದ. "ಯಪ್ಪಾ, ಆ ದೊಡ್ಡಾಂವ ನನ್ನ ಮಗನ್ನ ಯಾಕ ಹಿಂಗ ಕೆಡವಾಕತ್ಯಾನ್ರಿ? ಏನ್ ತಪ್ಪ ಮಾಡ್ಯಾನಿಂವ?" ಎಂದು ನನ್ನ ತೋಳು ಹಿಡಿದಳು. ಇದು ಆಟ, ತಪ್ಪೇನಿಲ್ಲ ಅಂದೆ. "ಹನ್ನೆರಡ ವರ್ಷ ಇಟ್ಟಂಗಿ ಹೊತ್ತೀನ್ರಿ, ನಮ್ಮ ಮೇಸ್ತ್ರೀನೂ ಇಷ್ಟ ಕೆಟ್ಟಾಂವ ಇರಲಿಲ್ಲ" ಎಂದಳು. ಹುಲಗೇಶ ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ. ಏಳನೇ ಸಲ ಎದ್ದಾಗ ಆಕೆ ತೋಳು ಬಿಟ್ಟಳು. ತೀರ ಸಣ್ಣ ದನಿಯಲ್ಲಿ, "ಇಂವ ನನ್ನ ಮಗನ ಏನ್ರಿ?" ಎಂದು ಕೇಳಿದಳು. ನಿನ್ನ ಯಾವ ಪಂದ್ಯಕ್ಕೂ ಬಾರದೆ ನಾನು ಕಳೆದುಕೊಂಡದ್ದು ಏನೆಂದು ಆಗ ಅರ್ಥವಾಯಿತು. ಹೊಟ್ಟೆಕಿಚ್ಚಾಯಿತು, ಆಕೆ ಕೊಟ್ಟ ರೊಟ್ಟಿ ತಿಂದೆ.

ಹೀಗಿದೆ ಪರಿಸ್ಥಿತಿ. ಚಾರ್ಟಿನ ಹದಿಮೂರನೇ ಮನೆ ಖಾಲಿ ಇದೆ, ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. "ಮಗನ ಹೆಸರು ಬರಿಲಿಕ್ಕೆ ಇಷ್ಟು ಹೊತ್ತು ಯಾಕ ಬೇಕ್ರೀ?" ಎಂದು ಅಮ್ಮ ಎರಡು ಸಲ ಕೇಳಿ ಹೋದಳು. ಇನ್ನು ಮುಗಿಸುತ್ತೇನೆ. ಬೇಯಿಸಿದ್ದಾದರೂ ಸರಿ, ಹೊಟ್ಟೆ ತುಂಬ ತಿನ್ನು. ಅಮ್ಮನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬರಲು ಯಾರನ್ನಾದರೂ ಕಳಿಸು, ಚೀಲ ನೀನು ಎತ್ತಬೇಡ. ನಿನ್ನ ಎರಡೂ ಕಾಲಿಗೆ, ಅವುಗಳ ಮೇಲಿರುವ ನಿನಗೆ, ದೇವರು ಆಯುಷ್ಯ ಕೊಡಲಿ.

ನಿನ್ನ ಪ್ರೀತಿಯ ಅಪ್ಪ,
ಗುರುರಾಜ
(ನಿವೃತ್ತ ಕ್ರೂ ಕಂಟ್ರೋಲರ್, ಕಾಚಿಗೂಡ)

ತಾ.ಕ.: ಶುಕ್ರವಾರ, ಹನ್ನೊಂದೂವರೆ. ಕೆಳಗೆ ಆಟೋ ಹಾರ್ನ್ ಹೊಡೆಯುತ್ತಿದೆ, ಅಮ್ಮ ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಮೂರನೇ ಸಲ ನೋಡಲು ಹೋಗಿದ್ದಾಳೆ. ಪಟ್ಟಿ ಹೋಯಿತು. ಅದರಲ್ಲಿ ನಿನ್ನ ಹೆಸರಿಲ್ಲ. ತೆಗೆಸಿದವನು ನಾನು. ಚಂದ್ರಕಾಂತ ಇವತ್ತೇ ಫೋನ್ ಮಾಡುತ್ತೇನೆ ಅಂದ, ನಾಳೆವರೆಗೆ ತಡಿ ಅಂದಿದ್ದೇನೆ. ಇದು ನಿನಗೆ ನನ್ನಿಂದಲೇ ಗೊತ್ತಾಗಬೇಕು. ನೀನು ಅವನಿಗೆ ಕಳಿಸಿದ ಓಟದ ವಿಡಿಯೋ ಒಂಬತ್ತೂ ನೋಡಿದೆ. ಒಂಬತ್ತರಲ್ಲೂ ಬಲಗಾಲೂರಿಯೇ ತಿರುಗಿದ್ದೀ, ಎಡಗಾಲೂರಿ ಒಮ್ಮೆಯೂ ಇಲ್ಲ. ಕೋಚೂ ಚಂದ್ರಕಾಂತನೂ ನಿನ್ನ ವೇಗ ನೋಡಿದ್ದರು, ನಾನು ಅವರಿಗೆ ಕಾಲು ತೋರಿಸಿದೆ. ಫಿಟ್ ಎಂದು ಸಹಿ ಹಾಕಲು ಬಂದ ಡ್ರೈವರುಗಳ ಕಾಲು ನೋಡುವುದು ನನ್ನ ಹೊಟ್ಟೆಪಾಡಾಗಿತ್ತು. ಮೊದಲ ಪಂದ್ಯದಲ್ಲೇ ನೀನು ಬಿದ್ದರೆ ಆ ಜಾಗಕ್ಕೆ ಯಾರೂ ಇರುವುದಿಲ್ಲ, ಆ ಕಾಲೂ ಉಳಿಯುವುದಿಲ್ಲ. ನಿನ್ನನ್ನೇ ಕೇಳಬಹುದಿತ್ತು. ಕೇಳಿದ್ದರೆ ನೀನು ಫಿಟ್ ಅನ್ನುತ್ತಿದ್ದೆ. ನೀನು ನನಗೆ ಸುಳ್ಳು ಹೇಳಿಲ್ಲ ನಿಶಾಂತ, ಹೇಳಲು ನಾನೇ ಬಿಡಲಿಲ್ಲ. ಹುಲಗೇಶನಿಗೆ ವಿಷಯ ತಿಳಿದಾಗ ಕುಣಿಯುತ್ತಾನೆ ಎಂದುಕೊಂಡಿದ್ದೆ, ಮುಖ ಮುಚ್ಚಿಕೊಂಡು ಕೂತುಬಿಟ್ಟ. ಐದನೇ ಪಂದ್ಯದ ನಂತರ ಒಬ್ಬನನ್ನು ಹೊಸದಾಗಿ ಸೇರಿಸಿಕೊಳ್ಳಬಹುದಂತೆ. ಆರನೆಯದರಿಂದ ಮುಂದಕ್ಕೆ ಒಂದು ಮನೆ ಹಾಗೇ ಬಿಟ್ಟಿದ್ದೇನೆ, ಪೆನ್ಸಿಲ್ಲಿನಲ್ಲೂ ಬರೆದಿಲ್ಲ, ಡಾಕ್ಟರು ಬರೆಯಲಿ. ಅವತ್ತು ಮೈದಾನಕ್ಕೆ ನಾನು ಬರುತ್ತೇನೆ. ಅಮ್ಮ ಬಂದಳು. ಅವಳಿಗೆ ಇನ್ನೂ ಹೇಳಿಲ್ಲ, ನಿನ್ನ ಮುಖ ನೋಡಿ ತಾನೇ ಓದಿಕೊಳ್ಳುತ್ತಾಳೆ. ಮಾತಾಡಬೇಕೆನ್ನಿಸುವ ತನಕ ಮಾತಾಡಬೇಡ, ಕಾಯುತ್ತೇನೆ.