ಕಳಶ ಹಿಡಿಯುವ ಕೈ

ಕಾಗಾಲ
೧೨ ಮಾರ್ಚ್ ೨೦೨೪

ಪ್ರೀತಿಯ ಹೇಮಕ್ಕಾ,

ಕೈ ಹೇಗಿದೆ? ಬೊಬ್ಬೆ ಒಣಗಿತೇ? ಮಾವಳ್ಳಿಯ ಚಿಕ್ಕಮ್ಮ ಮುಲಾಮು ಹಚ್ಚುವ ನೆಪದಲ್ಲಿ ಊರ ಸುದ್ದಿಯನ್ನೆಲ್ಲ ನಿನ್ನ ತಲೆಗೆ ತುಂಬುತ್ತಿರಬೇಕು. ಇಲ್ಲಿ ಅಮ್ಮ ಆರಾಮ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಮ್ಮೆ ಓದುತ್ತೀ ಎಂದು ಗೊತ್ತು, ನಿನಗೆ ಕುತೂಹಲ ಜಾಸ್ತಿ.

ನನಗೆ ನಾಚಿಕೆಯಾಗುತ್ತಿದೆ ಅಕ್ಕಾ. ನಿನ್ನ ಕೈಯ ಬಿಳಿ ಮಚ್ಚೆಗೆ ಡಾಕ್ಟರು ಕೊಟ್ಟ ಸೋರಾಲೆನ್ ಔಷಧದ ಬಗ್ಗೆ ಎಮ್ಮೆಸ್ಸಿ ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು ನಾನು. ಅದರ ಕಣಗಳು ಜೀವಕೋಶದೊಳಗೆ ಹೋಗಿ, ಡಿಎನ್‌ಎ ಎಂಬ ಏಣಿಯ ಮೆಟ್ಟಿಲುಗಳ ನಡುವೆ ಸುಮ್ಮನೆ ಕೂರುತ್ತವೆ. ನೆರಳಿನಲ್ಲಿದ್ದರೆ ಬಂದ ಹಾಗೇ ಎದ್ದು ಹೋಗುತ್ತವೆ. ಬಿಸಿಲು ಬಿದ್ದರೆ ಮಾತ್ರ ಏಣಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಿಡಿತ ಹದವಾಗಿದ್ದರೆ ನಿಧಾನವಾಗಿ ಬಣ್ಣ ಮರಳುತ್ತದೆ, ಅತಿಯಾದರೆ ಚರ್ಮವೇ ಸುಡುತ್ತದೆ. ಡಾಕ್ಟರು ಬಿಸಿಲಿಗೆ ಐದೇ ನಿಮಿಷ ಎಂದದ್ದು ಅದಕ್ಕೆ. ಇಷ್ಟೆಲ್ಲ ಗೊತ್ತಿದ್ದೂ ನಾನೇ ನಿನಗೆ, "ಐದು ನಿಮಿಷಕ್ಕೆ ಎಂತ ಆಗ್ತದೆ? ಅರ್ಧ ತಾಸು ನಿಲ್ಲು. ನನ್ನ ಮದುವೆಯೊಳಗೆ ಕೈ ಸಮ ಆಗ್ತದೆ, ಪಕ್ಕದಲ್ಲಿ ಕಳಶ ನೀನೇ ಹಿಡೀಬಹುದು" ಎಂದೆ. ಮದುಮಗಳ ಕಳಶ ಹಿಡಿಯುವುದು ಅಕ್ಕನ ಹಕ್ಕು ಎಂದು ನೀನು ಸಣ್ಣವಳಿದ್ದಾಗಿನಿಂದ ಹೇಳುತ್ತಿದ್ದೆ.

ನೀನು ನಂಬಿದೆ. ಅಂಗಳದಲ್ಲಿ ತೆಂಗಿನ ನೆರಳು ಅಂತ ಉಪ್ಪಿನ ಆಗರಕ್ಕೇ ಹೋಗಿ ನಿಂತೆ. ಅಲ್ಲಿ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಬಿಳಿ ಉಪ್ಪಿನಿಂದ, ನಿಂತ ನೀರಿನಿಂದಲೂ ಹೊಡೆಯುತ್ತದೆ. ಮರುದಿನ ಕುಮಟೆಯಲ್ಲಿ ಡಾಕ್ಟರು "ಯಾರು ಹೇಳಿದ್ದು ನಿಂಗೆ?" ಎಂದು ಗದರಿದಾಗ, ನೀನು "ನಂಗೇ ತಲೆ ಇಲ್ಲ ಡಾಕ್ಟ್ರೆ" ಎಂದುಬಿಟ್ಟೆ. ನಾನು ಪಕ್ಕದಲ್ಲೇ ಕೂತು ಔಷಧದ ಚೀಟಿ ಓದುವವಳ ಹಾಗೆ ನಟಿಸಿದೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಕೈಯನ್ನು ಬಿಸಿಲಿಗೆ ಒಡ್ಡಬೇಡ. ನನ್ನ ಈ ಮಾತನ್ನಾದರೂ ನಂಬು.

ನಿನ್ನ ತಂಗಿ,
ದಿವ್ಯಶ್ರೀ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನನ್ನು ಬಿಸಿಲಿಗೆ ಕಳಿಸುವ ಹಿಂದಿನ ವಾರವೇ ಕಳಶ ಹಿಡಿಯಲು ಮಾವನ ಮಗಳು ಕಲ್ಪನಾಗೆ ಹೇಳಿಬಿಟ್ಟಿದ್ದೆ. ಬಿಸಿಲಿಗೆ ಕಳಿಸಿದ್ದು ಮದುವೆ ಫೋಟೋದಲ್ಲಿ ನಿನ್ನ ಕೈ ಕಾಣುತ್ತದಲ್ಲ ಎಂಬ ಭಯಕ್ಕೆ. ಕಳಶದ ಆಸೆ ತೋರಿಸಿದ್ದು ನೀನು ಒಪ್ಪಲಿ ಎಂದು. ಇವತ್ತು ಕಲ್ಪನಾಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು, "ಆತು, ಹೇಮಕ್ಕನೇ ಹಿಡೀಲಿ" ಎಂದಳು. ಹಿಡಿಯುತ್ತೀಯಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ ಅಕ್ಕಾ, ಆ ಕೈ ಯಾವ ಬಣ್ಣದಲ್ಲಾದರೂ ಇರಲಿ.