ಫಕೀರಪ್ಪಜ್ಜನ ಕತ್ತರಿ

೨೨೧೯ನೇ ಇಸವಿ, ಫೆಬ್ರವರಿ ಮೂವತ್ತು.

ಹಳೇ ಟಾಕೀಜ್ ಓಣಿಯ ಹಿರಿಯರೇ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಶಬ್ದಗಳು ಅನ್ನದಲ್ಲಿ ಕಲ್ಲು ಸಿಕ್ಕಂತೆ ನಿಮ್ಮ ಹಲ್ಲಿಗೆ ಸಿಕ್ಕಾವು, ಮನ್ನಿಸಿ. ನಾನು ನಿಮ್ಮ ದರ್ಜಿ ಫಕೀರಪ್ಪನ ವಂಶದವಳು, ಶಂಕ್ರವ್ವ. ನಾಟಕದ ಮಂದಿ, ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ನಾಯಿ ಹಿಡಿಯುವ ವ್ಯಾನು ನಿಮ್ಮಲ್ಲಿಗೆ ಬರಲು ಇನ್ನೂ ಮೂರು ದಿನವಿದ್ದರೆ ಈ ಪತ್ರ ಓದಿ. ವ್ಯಾನು ಬಂದು ಹೋಗಿದ್ದರೆ ಒಲೆಗೆ ಹಾಕಿ.

ನಮ್ಮ ಕಾಲದಲ್ಲಿ ಓಣಿಗೊಬ್ಬ 'ತುತ್ತುಗಾರ್ತಿ' ಇರುತ್ತಾಳೆ. ಬೀದಿನಾಯಿಗಳಿಗೆ ದಿನಾ ರೊಟ್ಟಿ ಹಾಕುವವಳು, ರೇಬೀಸ್ ಸೂಜಿಯ ದಿನ ಅವನ್ನು ಎತ್ತಿ ವ್ಯಾನು ಹತ್ತಿಸುವವಳು ಅವಳೇ. ಬಲೆಗೆ ಬೆದರುವ ನಾಯಿ ಉಣಿಸಿದ ಕೈಗೆ ಬೆದರುವುದಿಲ್ಲ. ಆದರೆ ಒಂದೇ ಒಂದು ನಾಯಿ ಸೂಜಿ ತಪ್ಪಿಸಿಕೊಂಡರೂ ಇಡೀ ಓಣಿಗೆ 'ಬಾಯಿಬುಟ್ಟಿ': ಮಕ್ಕಳು ಮುದುಕರೆನ್ನದೆ ಎಲ್ಲರೂ ಹದಿನೈದು ದಿನ ಮುಖಕ್ಕೆ ತಂತಿಯ ಮೂತಿಗವಸು ಬಿಗಿದುಕೊಂಡು ತಿರುಗಬೇಕು. ಹೋದ ವರ್ಷ ಒಬ್ಬ ಮದುವಣಗಿತ್ತಿ ಅದನ್ನು ಹಾಕಿಕೊಂಡೇ ತಾಳಿ ಕಟ್ಟಿಸಿಕೊಂಡಳು. ಅತ್ತಳೋ ನಕ್ಕಳೋ, ತಂತಿಯ ಹಿಂದೆ ಯಾರಿಗೂ ಕಾಣಲಿಲ್ಲ. ಎಂಥ ಕಟುಕರಪ್ಪಾ ಎನ್ನುವಿರಿ. ಈ ಕಾನೂನು ಹುಟ್ಟಿದ್ದೇ ನಿಮ್ಮ ಓಣಿಯಿಂದ.

ಸಂತಾನಹರಣದ ಆಪರೇಶನ್ನೂ ರೇಬೀಸ್ ಸೂಜಿಯೂ ಆದ ನಾಯಿಯ ಕಿವಿಯ ತುದಿ ಕತ್ತರಿಸಿರುತ್ತದೆ ಎಂದು ನಿಮ್ಮಲ್ಲಿ ವ್ಯಾನಿನ ಡಾಕ್ಟರು ಧ್ವನಿವರ್ಧಕದಲ್ಲಿ ಕೂಗಿಸಿ ಹೋದರು. ಕಟ್ಟೆಯ ಮೇಲೆ ಕೂತು ನಿಮ್ಮನ್ನು ಮಾತಾಡಿಸಲಿಲ್ಲ. ನಿಮಗೆ ಕೇಳಿಸಿದ್ದು ಕಿವಿಯೊಂದೇ.

"ವ್ಯಾನಿನ್ಯಾಗ ಒಯ್ದ ನಾಯಿ ತಿರುಗಿ ಬರೂದಿಲ್ಲ," ಎಂದ ಚಹಾದಂಗಡಿಯ ಬಸಲಿಂಗ. "ಕಿವಿ ಕತ್ತರಿಸೂದ ಅಲ್ಲೇನು? ನಾವs ಕತ್ತರಿಸೂಣು."

ನಿಮಗೆ ನಾಳೆಯಾದ, ನಮಗೆ ಎಂದೋ ಕಳೆದ ಬುಧವಾರ ಟಾಕೀಜಿನ ಗೋಡೆಯ ಬುಡದಲ್ಲಿ ಗೋಣಿಚೀಲ ಹೊದಿಸಿ, ಮಂಡಿಯೂರಿ ಒತ್ತಿ, ಹನ್ನೊಂದು ನಾಯಿಗಳ ಕಿವಿ ಕತ್ತರಿಸಿದಿರಿ. ಕತ್ತರಿ ಹಿಡಿದ ನನ್ನ ಫಕೀರಪ್ಪಜ್ಜ ನಗಿಸಿದ: "ಗಿರಾಕಿ ಭಾಳ ಅಳಗಾಡತಾನ, ಗಟ್ಟಿ ಹಿಡೀರಿ, ಅಳತಿ ತಪ್ಪತೈತಿ." ರಾಣಿ ಎಂಬ ಕಂದು ನಾಯಿ ನೆತ್ತರು ಸುರಿಸುತ್ತಲೇ ಅವನ ಕೈ ನೆಕ್ಕಿತು.

ಶುಕ್ರವಾರ ವ್ಯಾನು ಬಂತು, ಕಿವಿ ನೋಡಿತು. "ಈ ಓಣಿ ಮುಗದೈತಿ ನಡೀರಿ," ಎಂದು ಹೊರಟುಹೋಯಿತು.

ಮಳೆಗಾಲ ಮುಗಿಯುವಾಗ ರಾಣಿಯ ಬಾಯಲ್ಲಿ ಜೊಲ್ಲು. ಅಜ್ಜನ ಮೊಮ್ಮಗಳು, ರೊಟ್ಟಿ ಹಾಕಲು ಹೋದ ಐದು ವರ್ಷದ ಸುಗಂಧಾಳ ಅಂಗೈಗೆ ಹಲ್ಲು ಇಳಿಯಿತು. ದವಾಖಾನೆಗೆ ಹೊರಟ ಸೊಸೆಯನ್ನು ಅಜ್ಜನೇ ತಡೆದ: "ಅದರ ಕಿವಿ ನಾನs ಕತ್ತರಿಸೇನವ್ವಾ. ಏನೂ ಆಗೂದಿಲ್ಲ, ಅರಿಶಿಣ ಹಚ್ಚು."

ನಲವತ್ತು ದಿನಕ್ಕೆ ಕೂಸು ನೀರಿನ ತಂಬಿಗೆ ಕಂಡು ಚೀರಿತು. ಮೂರು ದಿನ ಹಾಗೆಯೇ ಚೀರಿತು. ನಾಲ್ಕನೆಯ ದಿನ ಅದನ್ನು ಮಣ್ಣಿಗೆ ಒಯ್ದಿರಿ. ಆಮೇಲೆ ನೀವು ಬಡಿಗೆ ಹಿಡಿದು ಎಲ್ಲ ನಾಯಿಗಳನ್ನೂ ಕೊಂದಿರಿ. ಬಾಲ ಅಲ್ಲಾಡಿಸುತ್ತ ಬಂದವನ್ನೂ ಬಿಡಲಿಲ್ಲ. ಖಾಲಿ ಓಣಿಗೆ ವಾರದೊಳಗೆ ಊರಾಚೆಯ ಹೊಸ ನಾಯಿಗಳು ನುಗ್ಗಿದವು. ಬಸಲಿಂಗ ಮತ್ತೆ ಗೋಣಿಚೀಲ ತಂದ.

ಫಕೀರಪ್ಪಜ್ಜಾ, ನಿನ್ನೊಬ್ಬನನ್ನೇ ಕೇಳುತ್ತೇನೆ. ಒಯ್ದ ನಾಯಿ ಬರುವುದಿಲ್ಲವೆಂಬ ಅಂಜಿಕೆಯಿದ್ದರೆ ನೀನೂ ವ್ಯಾನು ಹತ್ತು. ರಾಣಿಯ ಪಕ್ಕ ಕೂಡು, ಸೂಜಿ ಚುಚ್ಚುವುದನ್ನು ಕಣ್ಣಾರೆ ನೋಡು, ಗಾಯ ಮಾಯ್ದ ಮೇಲೆ ಅದನ್ನು ನೀನೇ ಓಣಿಗೆ ಕರೆದು ತಾ. ಯಾವ ನಾಯಿ ಕಚ್ಚಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ತಾಸು ತೊಳೆ, ಅಂದೇ ದವಾಖಾನೆಗೆ ಓಡು.

ಒಂದು ಮಾತು ಮುಚ್ಚಿಡಲಾರೆ. ಸುಗಂಧಾ ಸತ್ತ ಸಂಕಟಕ್ಕೆ ನಿನ್ನ ಸೊಸೆ ಇನ್ನೊಂದು ಕೂಸು ಹಡೆದಳು. ಆ ಕೂಸಿನ ಬಳ್ಳಿಯೇ ನಾನು. ಸುಗಂಧಾ ಉಳಿದರೆ ನಾನು ಹುಟ್ಟುವುದಿಲ್ಲ. ಈ ದೊಡ್ಡ ಗಂಟಲು ಯಾವ ರಂಗದ ಮೇಲೂ ಮೊಳಗುವುದಿಲ್ಲ.

ಅಡ್ಡಿಯಿಲ್ಲ. ಕತ್ತರಿ ಕೆಳಗಿಡು, ಅಜ್ಜಾ.